ಅರ್ಧ ಏರಿದ ಬಂಡಿ

ಚಟ್ ಎಂದು ಸದ್ದಾಯಿತು.

ಶಾಲೆಯ ಕಾರಿಡಾರಿನಲ್ಲಿ ಅವಳು ಓಡಲು ಬಿಟ್ಟಿದ್ದ ರಟ್ಟಿನ ಬಂಡಿ, ತಿರುವಿನಿಂದ ಬಂದವನ ಚಪ್ಪಲಿಯಡಿ ಅಪ್ಪಚ್ಚಿಯಾಗಿತ್ತು.

“ಕಣ್ಣು ಎಲ್ಲಿಟ್ಕೊಂಡು ನಡೀತೀರಿ?”

ಅವನು ಸಿಟ್ಟಾಗಲಿಲ್ಲ. ಮಂಡಿಯೂರಿ ಚೂರುಗಳನ್ನು ಆಯ್ದ. “ಬಾಟಲಿ ಮುಚ್ಚಳದ ಚಕ್ರ ಚೆನ್ನಾಗಿದೆ. ಮೈ ಮಾತ್ರ ಮರದ್ದಾಗ್ಬೇಕು. ನಾನು ಮಾಡ್ಕೊಡ್ತೀನಿ,” ಎಂದ.

ಅವನೇ ಹೊಸ ಕ್ರಾಫ್ಟ್ ಮೇಷ್ಟ್ರು ಎಂದು ಅವಳಿಗೆ ಆಮೇಲೆ ತಿಳಿಯಿತು. ಅವಳು ವಿಜ್ಞಾನದ ಟೀಚರ್. ಇಬ್ಬರದೂ ತಾತ್ಕಾಲಿಕ ಕೆಲಸ. ವರ್ಷದ ಕೊನೆಗೆ ಒಬ್ಬರನ್ನು ಮಾತ್ರ ಕಾಯಂ ಮಾಡುವುದಾಗಿ ಹೆಡ್‌ಮಿಸ್ ಹೇಳಿದ್ದರು.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಬಂಡಿ ಸಿದ್ಧಮಾಡಲು, ಶಾಲೆ ಬಿಟ್ಟ ಮೇಲೆ ಇಬ್ಬರೂ ಕ್ರಾಫ್ಟ್ ಕೋಣೆಯಲ್ಲಿ ಕೂರತೊಡಗಿದರು. ಹಿಂದಿನ ಚಕ್ರಗಳ ಅಚ್ಚಿಗೆ ದಪ್ಪ ರಬ್ಬರ್ ಬ್ಯಾಂಡ್ ಸುತ್ತಿ ಬಿಟ್ಟರೆ, ಎಳೆದ ರಬ್ಬರಿನಲ್ಲಿ ಕೂಡಿದ್ದ ಶಕ್ತಿ ಅಚ್ಚಿಗೆ, ಅಚ್ಚಿನಿಂದ ಚಕ್ರಕ್ಕೆ ದಾಟಿ ಬಂಡಿ ಓಡಬೇಕು. ಮಕ್ಕಳು ಮನೆಯಲ್ಲೇ ಮಾಡಿಕೊಳ್ಳುವಂತಿರಬೇಕು ಎಂಬುದು ಅವಳ ಹಟ.

ಚಕ್ರ ಜಾರಿದಾಗ ಮುಚ್ಚಳಗಳಿಗೆ ಬಲೂನಿನ ಪಟ್ಟಿ ತೊಡಿಸಿದ್ದು ಅವಳು. ಅಚ್ಚು ಅಲುಗದಂತೆ ಮರದ ಗೂಟ ಕೂರಿಸಿದ್ದು ಅವನು.

ಬಂಡಿ ಓರೆ ಹಲಗೆಯನ್ನು ಏರಿ ತುದಿ ಮುಟ್ಟಿದ ಸಂಜೆ ಅವಳು ತನಗರಿವಿಲ್ಲದೆ ಅವನ ಕೈ ಹಿಡಿದಳು. ಬಿಡಲು ಇಬ್ಬರಿಗೂ ನೆನಪಾಗಲಿಲ್ಲ...

ಪ್ರದರ್ಶನ ಮುಗಿದ ಮಾರನೆಯ ದಿನ ಮನೆಗೆ ಬರಬೇಕು, ಅಮ್ಮ ನೋಡಬೇಕೆನ್ನುತ್ತಿದ್ದಾರೆ ಎಂದು ಅವನು ಕರೆದ. ಅವಳು ನಾಚುತ್ತಲೇ ಒಪ್ಪಿದಳು.

ಆ ದಿನ ಬರಲೇ ಇಲ್ಲ.

ಪ್ರದರ್ಶನದಲ್ಲಿ ಅತಿಥಿಗಳ ಮುಂದೆ ಬಂಡಿಯನ್ನು ಹಲಗೆಯ ಬುಡದಲ್ಲಿಟ್ಟು ಬಿಟ್ಟಳು. ಅದು ಅರ್ಧ ಏರಿ, ನಿಂತು, ಹಿಂದಕ್ಕೆ ಜಾರಿತು. ಮತ್ತೆ ಬಿಟ್ಟಳು. ಮತ್ತೆ ಜಾರಿತು. ಮಕ್ಕಳು ಗೊಳ್ಳೆಂದು ನಕ್ಕರು. ಎತ್ತಿ ನೋಡಿದರೆ, ದಪ್ಪ ಬ್ಯಾಂಡಿನ ಜಾಗದಲ್ಲಿ ತೆಳ್ಳನೆಯದು!

ಅವನು ಆಗಷ್ಟೇ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದಿದ್ದ.

“ಇದನ್ನ ಬದಲಾಯಿಸಿದ್ದು ಯಾರು?”

“ನಾನೇ. ಆದ್ರೆ ನಿಮಗೆ...”

“ಸಾಕು. ಒಂದು ಕೆಲಸಕ್ಕೋಸ್ಕರ ಇಷ್ಟು ಕೀಳಾಗ್ತೀರಿ ಅಂದ್ಕೊಂಡಿರ್ಲಿಲ್ಲ.”

ಎಲ್ಲರ ಎದುರಿಗೇ ಅಂದುಬಿಟ್ಟಳು. ಅವನು ಅವಳನ್ನೇ ಒಂದು ಕ್ಷಣ ನೋಡಿದ. ತಿರುಗಿ ಹೊರಟುಹೋದ. ಮತ್ತೆ ಶಾಲೆಗೆ ಬಂದದ್ದು ರಾಜೀನಾಮೆ ಕೊಡಲು. ಅವಳ ಕೆಲಸ ಕಾಯಂ ಆಯಿತು.

‘ಆದ್ರೆ ನಿಮಗೆ’ ಎಂದನಲ್ಲ, ಏನು ಹೇಳಲು ಹೊರಟಿದ್ದ? ಪ್ರದರ್ಶನದ ದಿನ ಸಂಜೆಯೇ ಅವಳು ಅಕ್ಕನನ್ನು ಕೇಳಿದ್ದಳು, ನಿನ್ನೆ ಅವರೇನಾದರೂ ಮನೆಗೆ ಬಂದಿದ್ದರಾ ಎಂದು. ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಅಕ್ಕ ತಲೆ ಎತ್ತದೆ, ಯಾರೂ ಬಂದಿಲ್ಲ ಎಂದಿದ್ದಳು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ತನ್ನ ಮದುವೆಯನ್ನೂ ಬಿಟ್ಟು ಸಾಕಿದ ಅಕ್ಕ. ಅವಳ ಮಾತನ್ನು ಅನುಮಾನಿಸುವುದುಂಟೇ?

ವರ್ಷಗಳು ಕಳೆದವು. ಅತ್ತೆಯೊಬ್ಬರು ತಂದ ಹುಡುಗನ ಫೋಟೋವನ್ನು ಅವಳು ನೋಡದೆಯೇ ಹಿಂದಿರುಗಿಸಿದ ದಿನ, ಅಕ್ಕ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತಳು.

“ಪ್ರದರ್ಶನದ ಹಿಂದಿನ ದಿನ ಅವನು ಬಂದಿದ್ದ ಪುಟ್ಟಿ. ನೀನು ಫೋನು ಮನೇಲೇ ಬಿಟ್ಟು ಅಂಗಡಿಗೆ ಹೋಗಿದ್ದೆ. ಗೂಟ ಬಿರುಕು ಬಿಟ್ಟಿದೆ, ದಪ್ಪ ಬ್ಯಾಂಡ್ ಹಾಕಿದ್ರೆ ಸಿಡಿದು ಮಕ್ಕಳ ಕಣ್ಣಿಗೆ ಬಡಿಯುತ್ತೆ, ತೆಳ್ಳಂದು ಹಾಕಿದ್ದೀನಿ, ಹಲಗೆ ಬೇಡ, ನೆಲದ ಮೇಲೇ ಓಡಿಸ್ಲಿ ಅಂದ. ಅಮ್ಮನ್ನ ಆಸ್ಪತ್ರೆಗೆ ಸೇರಿಸಿದ್ರಂತೆ, ಗೂಟ ಬದಲಾಯಿಸೋಕೆ ಟೈಮಿಲ್ಲ ಅಂತ ಓಡಿದ. ನಾನು ನಿಂಗೆ ಹೇಳ್ಲಿಲ್ಲ. ನೀನೂ ಹೋದ್ರೆ ನಂಗ್ಯಾರು ಅನ್ನಿಸ್ಬಿಡ್ತು...”

ಅವಳೂ ಅಕ್ಕನ ಪಕ್ಕ ನೆಲದ ಮೇಲೇ ಕೂತಳು. ಅಕ್ಕ ಮುಚ್ಚಿಟ್ಟಳು, ನಿಜ. ಆದರೆ ಅವನು ಹೇಳಲು ಬಂದಾಗ ಸಾಕು ಎಂದದ್ದು ನಾನೇ ಅಲ್ಲವೇ?

ಊರಿನ ಇನ್ನೊಂದು ತುದಿಯಲ್ಲಿ, ಶಾಲೆಗಳಿಗೆ ಬೆಂಚು ಮಾಡುವ ಕಾರ್ಖಾನೆಯಲ್ಲಿ, ವಿಚಾರಿಸುತ್ತಾ ಹೋದವಳಿಗೆ ಅವನು ಸಿಕ್ಕ. ಅವಳನ್ನು ಕಂಡು ಯಂತ್ರ ನಿಲ್ಲಿಸಿದ. ಅವಳು ತಡವರಿಸುತ್ತಾ ಎಲ್ಲವನ್ನೂ ಹೇಳಿದಳು.

ಎಲ್ಲ ಗೊತ್ತಿದ್ದೂ ಅವಳು ಹಾಗೆ ಅಂದಳೆಂದೇ ಅವನು ಇಷ್ಟು ದಿನ ತಿಳಿದಿದ್ದನಂತೆ.

“ಅಮ್ಮ ಹೇಗಿದ್ದಾರೆ?” ಅವಳು ಕೇಳಿದಳು.

“ಹೋದ್ವರ್ಷ ತೀರ್ಕೊಂಡ್ರು.” ಅವನು ಕೈಗೆ ಮೆತ್ತಿದ್ದ ಮರದ ಹೊಟ್ಟು ಒರೆಸಿಕೊಂಡ. “ಆ ಟೀಚರ್ ಯಾಕೆ ಬರ್ಲಿಲ್ಲ ಅಂತ ಕೇಳ್ತಾನೇ ಇದ್ರು. ಪರೀಕ್ಷೆ ಇದೆ, ಮುಗಿದ್ಮೇಲೆ ಬರ್ತಾರೆ ಅಂತಿದ್ದೆ.”

ಅವಳಿಗೆ ಅಳು ತಡೆಯಲಾಗಲಿಲ್ಲ. ಆ ತಾಯಿಯ ಮುಂದೆ ಒಮ್ಮೆಯಾದರೂ ಹೋಗಿ ಕೂರಬಹುದಿತ್ತು. ಇನ್ನು ಅದಾಗದು... ಎಂದೂ ಆಗದು.

“ಕ್ಷಮಿಸಿ ಅನ್ನೋಕೂ ನಂಗೆ ಮುಖ ಇಲ್ಲ. ಅವತ್ತೂ ನಿಮ್ಮನ್ನ ಪ್ರೀತಿಸ್ತಿದ್ದೆ. ಇವತ್ತೂ ಅಷ್ಟೇ.”

“ನಂಗೂ ಮರೆಯೋಕೆ ಆಗ್ಲಿಲ್ಲ. ಆದ್ರೆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.”

“ಹೋಗೋವರೆಗೂ ಕಾಯ್ತೀನಿ.”

ಅವನು ಅರ್ಧ ಮುಗಿದ ಬೆಂಚಿನ ಮೇಲೆ ಕುಳಿತು, ಪಕ್ಕದ ಧೂಳನ್ನು ಟವೆಲಿನಿಂದ ಒರೆಸಿದ.

“ನಿಂತ್ಕೊಂಡೇ ಕಾಯ್ತೀಯಾ? ಬಾ, ಕೂತ್ಕೋ.”

ಅಲ್ಲಿಯವರೆಗೆ ಅವನು ಅವಳನ್ನು ಏಕವಚನದಲ್ಲಿ ಕರೆದೇ ಇರಲಿಲ್ಲ.

“ಬಂದೆ,” ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ.