ಇಬ್ಬರನ್ನು ಹೊಡೆದ ಗಂಡ

"ನನ್ನ ಚೀಟಿ ಮುಟ್ಟಬೇಡಿ."

ಟೈಲರಮ್ಮನ ದನಿಗೆ ಪಕ್ಕದಲ್ಲಿದ್ದ ಲಿಫ್ಟ್ ರಿಪೇರಿಯವನ ಕೈ ಅರ್ಧಕ್ಕೇ ನಿಂತಿತು.

ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಜೆ ಇಂಗ್ಲಿಷ್ ತರಗತಿಯ ಮೊದಲ ದಿನ ಅದು. ಮೇಷ್ಟ್ರು ವಾಕ್ಯಗಳನ್ನು ಪದ ಪದವಾಗಿ ಕತ್ತರಿಸಿ, ಜೋಡಿಸಲು ಇಬ್ಬಿಬ್ಬರಿಗೆ ಕೊಟ್ಟಿದ್ದರು. ಅವಳು 'ಐ ದ ಬಟನ್ ಸ್ಟಿಚ್ಡ್ ಹ್ಯಾವ್' ಎಂದು ನೀಟಾಗಿ ಜೋಡಿಸಿದ್ದಳು. ನಾನು ಗುಂಡಿ ಹೊಲಿದಿದ್ದೇನೆ... ಸರಿಯಾಗೇ ಇದೆಯಲ್ಲ?

"ಮುಟ್ಟಲ್ಲ ಬಿಡಿ. ಆದ್ರೆ ಇಂಗ್ಲಿಷಲ್ಲಿ ಹೊಲಿದದ್ದು ಮೊದಲು, ಗುಂಡಿ ಆಮೇಲೆ."

ಅವನು ಹೇಳಿದ್ದು ನಿಜ. ಅದಕ್ಕೇ ಅವಳಿಗೆ ಮೈಯೆಲ್ಲ ಉರಿಯಿತು.

ಮುಂದಿನ ಅಭ್ಯಾಸ ಬಂತು. ಆಗಲೇ ಆಗಿಹೋದದ್ದನ್ನು ಒಬ್ಬರು ಹೇಳಬೇಕು, ಪಕ್ಕದವರು ಒಂದೆರಡು ಪದ ಬದಲಿಸಿ ಅದನ್ನೇ ಹೇಳಬೇಕು. ಅವಳು ಅವನನ್ನೇ ದುರುಗುಟ್ಟಿ ನೋಡಿದಳು.

"ಮೈ ಹಸ್ಬೆಂಡ್ ಹ್ಯಾಸ್ ಬೀಟನ್ ಟೂ ಮೆನ್."

ನನ್ನ ಗಂಡ ಇಬ್ಬರನ್ನು ಹೊಡೆದಿದ್ದಾನಂತೆ! ಗಂಡ ಎಲ್ಲಿಂದ ಬರಬೇಕು? ಮನೆಯಲ್ಲಿದ್ದದ್ದು ಅವಳು, ಅವಳ ಅಮ್ಮ, ಒಂದು ಹೊಲಿಗೆ ಮೆಷಿನ್ನು.

ಅವನು ಕಣ್ಣು ಮಿಟುಕಿಸದೆ, "ಮೈ ವೈಫ್ ಹ್ಯಾಸ್ ಬೀಟನ್ ತ್ರೀ ಮೆನ್," ಎಂದ. ತರಗತಿ ಗೊಳ್ಳೆಂದು ನಕ್ಕಿತು.

ಪಾಪ, ಅಂಥ ಹೆಂಡತಿಯ ಜೊತೆ ಹೇಗೆ ಬಾಳುತ್ತಾನೋ ಎಂದುಕೊಂಡಳು ಅವಳು.

ವಾರಗಳು ಕಳೆದಂತೆ ಸಿಟ್ಟು ಇಳಿಯಿತು. ಅವಳು ತಪ್ಪಿದಾಗ ಅವನು ಚೀಟಿ ಮುಟ್ಟುತ್ತಿರಲಿಲ್ಲ, ಗದ್ದದಲ್ಲೇ ತೋರಿಸುತ್ತಿದ್ದ. ಅವನ ಹರಿದ ಜೇಬನ್ನು ಅವಳು ಹೊಲಿದುಕೊಟ್ಟಳು. ಆದರೆ ಇಬ್ಬರ ನಡುವೆ ಒಂದು ಗೇಣು ಜಾಗ ಇದ್ದೇ ಇರುತ್ತಿತ್ತು.

ಬಂದ ಕೂಡಲೇ ಅವನು ನೋಡುತ್ತಿದ್ದದ್ದು ಅವಳ ಕೈಗಳನ್ನು.

"ಇದು ಹೇಗಾಯ್ತು?" ಎಂದು ಒಮ್ಮೆ ಅವಳ ಬೆರಳಿನ ಗಾಯ ತೋರಿಸಿ ಕೇಳಿದ.

"ಸೂಜಿ ಚುಚ್ಚಿತು."

ಅವನ ಮುಖ ಸಪ್ಪಗಾಯಿತು. ಒರಟು ಬೆರಳು ಕಂಡು ಹೇಸಿಗೆಪಟ್ಟನೇನೋ ಎಂದು ಅವಳು ಕೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟಳು.

"ಹೊಲಿಗೆ ಸೊಟ್ಟ ಹೋಗ್ತಿದೆ. ಮನಸ್ಸೆಲ್ಲಿಟ್ಟಿದೀಯೇ?" ಎಂದು ಮನೆಯಲ್ಲಿ ಅಮ್ಮ ಗದರಿದಳು.

ಇನ್ನೊಬ್ಬಳ ಗಂಡನ ಮೇಲೆ, ಅಮ್ಮ... ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ಕೊನೆಯ ದಿನ ಮಾತಿನ ಪರೀಕ್ಷೆ. ಅದು ಮುಗಿದರೆ ಅವನು ಮತ್ತೆ ಸಿಗುವುದಿಲ್ಲ. ಮೇಷ್ಟ್ರ ಎದುರು ಅವನು ಕೇಳಿದ, "ವಾಟ್ ಹ್ಯಾವ್ ಯು ಡನ್ ದಿಸ್ ಇಯರ್?"

ಈ ವರ್ಷ ತುಂಬಾ ಅಂಗಿ ಹೊಲಿದಿದ್ದೇನೆ ಎಂಬ ಉತ್ತರ ಬಾಯಿಪಾಠವಾಗಿತ್ತು. ಆದರೆ ಇವನನ್ನು ಸುಳ್ಳು ಹೇಳಿಯೇ ಬೀಳ್ಕೊಡಲು ಅವಳಿಗೆ ಮನಸ್ಸು ಬರಲಿಲ್ಲ.

"ಐ ಹ್ಯಾವ್ ಟೋಲ್ಡ್ ಎ ಲೈ. ಐ ಹ್ಯಾವ್ ನೋ ಹಸ್ಬೆಂಡ್."

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಅವಳು ಎದ್ದು ದಡದಡನೆ ಮೆಟ್ಟಿಲಿಳಿದಳು.

"ಸ್ವಲ್ಪ ನಿಲ್ಲಿ," ಅವನು ಹಿಂದೆಯೇ ಬಂದ.

"ಹೋಗಿ. ನಿಮ್ಮ ಮನೆಯವರು ಕಾಯ್ತಿರ್ತಾರೆ."

"ಯಾರು?"

"ಮೂರು ಜನರನ್ನ ಹೊಡೆದವರು."

"ಅಯ್ಯೋ... ಪದ ಬದಲಿಸಿ ಹೇಳಿ ಅಂದಿದ್ರಲ್ಲ ಮೇಷ್ಟ್ರು, ಬದಲಿಸಿದೆ. ನನಗೆಲ್ಲಿ ಹೆಂಡತಿ?"

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. "ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ರಿ?"

"ಗಂಡ ಇರೋರಿಗೆ ಏನಂತ ಹೇಳಲಿ? ಅದೂ ಹೊಡೆಯೋ ಗಂಡ. ನಿಮ್ಮನ್ನೂ ಹೊಡೀತಾನೇನೋ ಅಂತ ದಿನಾ ನಿಮ್ಮ ಕೈ ನೋಡ್ತಿದ್ದೆ, ಗಾಯ ಇದೆಯಾ ಅಂತ."

ಅವಳ ಕಣ್ಣು ತುಂಬಿತು.

"ಸೂಜಿ ಅಂತ ಹೇಳಿದ್ದೆನಲ್ಲ..."

"ನಂಬಲಿಲ್ಲ. ಮನೆಗೆ ಹೋದ್ರೆ ಊಟ ಸೇರ್ತಿರಲಿಲ್ಲ."

ಬಚ್ಚಿಡುತ್ತಿದ್ದ ಎರಡೂ ಕೈಗಳನ್ನು ಅವಳು ಅವನ ಮುಂದೆ ಚಾಚಿದಳು. "ಈಗ ಸರಿಯಾಗಿ ನೋಡ್ಕೊಳ್ಳಿ."

ಅವನು ಒಂದು ಮೆಟ್ಟಿಲು ಕೆಳಗೆ ಕೂತು ಒಂದೊಂದೇ ಬೆರಳು ಹಿಡಿದು ನೋಡಿದ. ನೋಡಿ ಮುಗಿದರೂ ಕೈ ಬಿಡಲಿಲ್ಲ.

"ಹಾಗಾದ್ರೆ ಹೊಡೆಯೋ ಹೆಂಡತಿ ಇನ್ನೂ ಸಿಕ್ಕಿಲ್ಲ ಅನ್ನಿ," ಎಂದಳು ಮೆಲ್ಲಗೆ.

"ಸಿಕ್ಕಿದ್ದಾರೆ ಅನ್ಸುತ್ತೆ. ಒಪ್ಪೋದಾದ್ರೆ ಶುರು ನನ್ನಿಂದಲೇ ಮಾಡಿ."

ಅವಳು ಅವನ ಭುಜಕ್ಕೆ ಹೂವಿನಿಂದ ಬಡಿದಷ್ಟು ಮೆತ್ತಗೆ ಬಡಿದಳು.

"ಒಬ್ಬರಾಯ್ತು."

"ಅಷ್ಟೇ ಸಾಕು," ಎಂದ ಅವನು. "ಇನ್ನಿಬ್ಬರನ್ನ ಹುಡುಕ್ಕೊಂಡು ಹೋಗಬೇಡಿ."