ನಾಲಿಗೆಯವರೆಗೂ ಕಪ್ಪು

ಸುಂಬಿಂಗ್ ಬೆಟ್ಟದಾಣೆ, ಇದರಲ್ಲಿ ಒಂದು ಮಾತನ್ನೂ ನಾನು ಸೇರಿಸಿಲ್ಲ. ಸೇರಿಸಿದ್ದರೆ ಒಣಗಿಸಿಟ್ಟ ನನ್ನ ತಂಬಾಕೆಲ್ಲ ಬೂಷ್ಟು ಹಿಡಿಯಲಿ.

ನಮ್ಮ ಕೆಡು ಊರಿನ ಪೋನಿಮನ್ ಸಾಕಿದ ಹುಂಜದ ಹೆಸರು ಪೆಟೆಂಗ್, ಅಂದರೆ ಕತ್ತಲು. ಜುಟ್ಟು, ಕಾಲು, ನಾಲಿಗೆ ಎಲ್ಲವೂ ಕಪ್ಪು. ಗರಿ ಉದುರಿದರೆ ಅದರ ದಂಟೂ ಬುಡದವರೆಗೆ ಕಪ್ಪು. ಬಿಸಿಲಲ್ಲಿ ರೆಕ್ಕೆ ಕೊಡವಿದರೆ ಆ ಕಪ್ಪಿನೊಳಗಿಂದ ಹಸಿರು, ನೇರಳೆ ಬೆಳಕು ಏಳುತ್ತಿತ್ತು. ನೋಡುತ್ತ ನಿಂತವರ ಕೈಯಲ್ಲಿ ಕಾಫಿ ಆರಿ ಹೋಗುತ್ತಿತ್ತು. ಅದು ಬಾಯಿ ತೆರೆದು ಕೂಗಿದರೆ ನಮ್ಮ ಓಣಿಗೆ ಸೂರ್ಯನೇ ಹೆದರಿ ತಡವಾಗಿ ಬರುತ್ತಿದ್ದ. ಅಂಥ ಅಚ್ಚಗಪ್ಪು ಹುಂಜ ಊರಲ್ಲಿ ಉಳಿದದ್ದು ಅದೊಂದೇ.

ಮಗಳು ಲಾಸ್ತ್ರಿ ಎದೆ ಕಟ್ಟಿ ಮಲಗಿದಾಗ ಪೋನಿಮನ್ ಹರಕೆ ಹೊತ್ತಿದ್ದ: ಅವಳು ಎದ್ದರೆ ಪೆಟೆಂಗ್‌ನ ರಕ್ತ ಹೊಸ ಚಾವಡಿಯ ಅಡಿಪಾಯಕ್ಕೆ. ಲಾಸ್ತ್ರಿ ಎದ್ದಳು. ಅಡಿಪಾಯದ ದಿನ ಬೆಳಿಗ್ಗೆ ಅವನು ಅಳುತ್ತ ಸಾರಿಂತನ್ ಅಕ್ಕನ ಬಾಗಿಲಿಗೆ ಬಂದ. ಅಕ್ಕ ಬೇರಿನ ಕಷಾಯ ಮಾರುವವಳು. ಊರಲ್ಲಿ ಏನು ಕಳೆದರೂ ಹುಡುಕಿಕೊಡುವವಳೂ ಅವಳೇ. ಅವಳ ಅರಿಶಿನ ಜಜ್ಜುವವನು ನಾನು, ಗಿಮಿನ್.

"ಅಕ್ಕಾ, ಪೆಟೆಂಗ್‌ನ ಪುನುಗುಬೆಕ್ಕು ತಿಂದ್ಬಿಟ್ಟಿದೆ! ಹರಕೆ ತಪ್ಪಿದ್ರೆ ನನ್ ಮಗಳ ಗತಿ ಏನು?"

ಅವನ ಮನೆಗೆ ಹೋದರೆ ಪಂಜರದ ಮುಂದೆ ಕರಿ ಗರಿಗಳ ರಾಶಿ ಬಿದ್ದಿತ್ತು. ಬಡಗಿ ಸರ್ಕುನ್ ಆಗಲೇ ಬಂದು ನಿಂತಿದ್ದ.

"ಬಲಿ ಕೊಡೋಕೆ ಮನಸ್ಸಾಗ್ದೆ ಬಚ್ಚಿಟ್ಟಿದ್ದೀಯ, ಪೋನಿಮನ್. ಆ ಬೆಕ್ಕಿಗೆ ನಿನ್ ಥರಾನೇ ಮೀಸೆ ಇತ್ತಾ?"

"ಪಂಜರದ ಹಗ್ಗ ಬಿಚ್ಚಿತ್ತಾ?" ಅಂದಳು ಅಕ್ಕ.

"ಇಲ್ಲಕ್ಕಾ, ಗಂಟು ಹಾಕಿದ ಹಾಗೇ ಇತ್ತು."

ಅಕ್ಕ ಒಂದು ಗರಿ ಎತ್ತಿ ನನ್ನ ಕೈಗಿಟ್ಟಳು. ಒದ್ದೆಯಾಗಿತ್ತು, ಬುಡದ ದಂಟು ಬೆಳ್ಳಗಿತ್ತು. ಮೂಗಿನ ಹತ್ತಿರ ತಂದದ್ದೇ ತಡ, ನಾನು ಸೀನಿದ ರಭಸಕ್ಕೆ ಅರ್ಧ ರಾಶಿ ಹಾರಿಹೋಯಿತು. ಧೂಪದ ವಾಸನೆ ನನಗೆ ಆಗುವುದಿಲ್ಲ.

"ಮನೇಲಿ ಧೂಪ ಹಾಕ್ತೀಯೇನೋ?" ಅಕ್ಕ ಪೋನಿಮನ್‌ನನ್ನು ಕೇಳಿದಳು.

"ಲಾಸ್ತ್ರಿ ಎದೆಗೆ ಆಗಲ್ಲ ಅಂತ ನಿಲ್ಲಿಸಿಬಿಟ್ಟಿದ್ದೀವಿ."

ಮಧ್ಯಾಹ್ನ ಊರೆಲ್ಲ ಅಡಿಪಾಯದ ಗುಂಡಿಯ ಸುತ್ತ ಸೇರಿತು. "ಗಿಮಿನ್, ಎಲ್ಲರ ಪಕ್ಕ ಒಂದೊಂದು ಗಳಿಗೆ ಕೂತು ಬಾ," ಅಂದಳು ಅಕ್ಕ. ಸರ್ಕುನ್ ಪಕ್ಕ ಕೂತೆ, ಪೋನಿಮನ್ ಪಕ್ಕ ಕೂತೆ, ಏನೂ ಆಗಲಿಲ್ಲ. ಬಲಿ ಕೊಡುವ ರೆಕ್ಸಾ ತಾತನ ಶಾಲಿನ ಪಕ್ಕ ಕೂತೆನೋ ಇಲ್ಲವೋ, ನನ್ನ ಸೀನಿಗೆ ತಾತನ ಪೇಟವೇ ಗುಂಡಿಗೆ ಬಿತ್ತು. ಧೂಪ ಇನ್ನೂ ಹಚ್ಚಿರಲಿಲ್ಲ.

ಅಕ್ಕ ಎದ್ದು ನಿಂತಳು. "ತಿಂದು ಮುಗಿಸಿ ಹಗ್ಗಕ್ಕೆ ಗಂಟು ಹಾಕೋ ಬೆಕ್ಕಿಲ್ಲ. ನೀರು ಕಾಯಿಸಿ ಗರಿ ಕೀಳೋ ಬೆಕ್ಕೂ ಇಲ್ಲ. ದಂಟು ಬೆಳ್ಳಗಿದೆ, ಅಂದ್ರೆ ಅದು ಪೆಟೆಂಗ್‌ನ ಗರೀನೇ ಅಲ್ಲ, ಯಾವುದೋ ಸಾಧಾರಣ ಕರಿ ಕೋಳೀದು. ಅದಕ್ಕೆ ಧೂಪದ ವಾಸನೆ ಹತ್ತಿದ್ದು ಪೋನಿಮನ್ ಮನೇಲಲ್ಲ. ತಾತಾ, ಪೆಟೆಂಗ್ ಎಲ್ಲಿ?"

ತಾತ ಗುಂಡಿಯಿಂದ ಪೇಟ ಎತ್ತಿ ಮಣ್ಣು ಕೊಡವಿದ.

"ನನ್ ಅಡುಗೆಮನೇಲಿದೆ. ನಿನ್ನೆ ನೀವೆಲ್ಲ ಗುಂಡಿ ತೋಡುವಾಗ ಅದನ್ನೊಮ್ಮೆ ನೋಡ್ಬರೋಣ ಅಂತ ಹೋದೆ. ಅದು ನನ್ ಕಡೆ ತಿರುಗಿ ಬಾಯಿ ತೆರೀತು. ಒಳಗೆ ಇಡೀ ರಾತ್ರಿ ಇತ್ತು ಕಣಮ್ಮಾ. ಇದನ್ನ ಕೊಂದ್ರೆ ಇಂಥ ಕಪ್ಪು ಮತ್ತೆ ಎಲ್ಲಿಂದ ಬರತ್ತೆ?"

"ಹಾಗಾದ್ರೆ ನನ್ ಮಗಳು?" ಅಂದ ಪೋನಿಮನ್.

"ರಕ್ತ ಅಂತ ಹರಕೆ ಹೊತ್ತಿದ್ದು. ಒಂದು ಹನಿ ಸಾಕು," ಅಂದಳು ಅಕ್ಕ.

"ಸಾಕು. ಮಣ್ಣಿಗೆ ನಾನು ಹೇಳ್ತೀನಿ," ಅಂದ ತಾತ.

ಪೆಟೆಂಗ್ ಬಂತು. ಪೋನಿಮನ್ ಅದನ್ನು ಎದೆಗೊತ್ತಿಕೊಂಡ. ತಾತ ಜುಟ್ಟಿಗೆ ಸೂಜಿ ತಾಗಿಸಿದ. ಇಂಥ ಕೋಳಿಯ ರಕ್ತವೂ ಕಪ್ಪೇ ಎಂದು ನಾವೆಲ್ಲ ಹುಟ್ಟಿದಾಗಿನಿಂದ ನಂಬಿದ್ದೆವು. ಆ ಕಗ್ಗತ್ತಲಿನ ತುದಿಯಲ್ಲಿ ಒಂದು ಹನಿ ನಿಂತಿತು: ಕೆಂಪು, ಲಾಸ್ತ್ರಿಯ ಬೆರಳು ಕೊಯ್ದರೆ ಬರುವಷ್ಟೇ ಕೆಂಪು. ಹನಿ ಮಣ್ಣಿಗೆ ಬಿತ್ತು. ಲಾಸ್ತ್ರಿ ಇಂದಿಗೂ ಬೆಟ್ಟ ಹತ್ತಿ ಸೌದೆ ತರುತ್ತಾಳೆ.

ನಂಬಿಕೆ ಬರಲಿಲ್ಲವೇ? ಪೆಟೆಂಗ್‌ನ ಸಂತಾನದ ಮೊಟ್ಟೆಗಳು ನನ್ನ ಬುಟ್ಟಿಯಲ್ಲಿವೆ. ಆದರೆ ಈ ಕರಿ ಹೇಂಟೆಗಳು ಕಾವಿಗೆ ಕೂರುವ ಜಾತಿಯವಲ್ಲ. ನಿಮ್ಮ ಹಿತ್ತಲಲ್ಲಿ ಕಾವಿಗೆ ಬಂದು ಗೊರಗುಡುತ್ತಿರುವ ಆ ದಪ್ಪ ಬಿಳಿ ಕೋಳಿ ಇದೆಯಲ್ಲ, ಅದನ್ನು ಈಗಲೇ ಹಿಡಿದು ಕೊಡಿ. ಮರಿ ಒಡೆದ ದಿನ ಬಂದು ನಾಲಿಗೆ ನೋಡಿಕೊಳ್ಳಿ. ಕೋಳಿ ವಾಪಸ್ ಕೊಡುವ ಮಾತು ಆಮೇಲೆ ಆಡೋಣ.