ದೇವರ ಮನೆಯ ಮಾರ್ಕ್ಸ್ ಕಾರ್ಡು

೨೦೦೨ರ ಮಾರ್ಚ್ ೧೪, ಗುರುವಾರ. ಬೆಳಗ್ಗೆ ಏಳು ನಲವತ್ತಕ್ಕೆ ನಿವೃತ್ತ ಶಿಕ್ಷಕಿ ಕಾತ್ಯಾಯಿನಿ ಏದುಸಿರು ಬಿಡುತ್ತ ಜಯನಗರದ ಠಾಣೆಗೆ ಬಂದರು. ಮನೆಯ ಮಹಡಿಯಲ್ಲಿ ನಾಲ್ವರನ್ನು ಪೇಯಿಂಗ್ ಗೆಸ್ಟ್ ಇಟ್ಟುಕೊಂಡಿದ್ದರು. ಅವರಲ್ಲೊಬ್ಬ, ವಿಜಾಪುರ ಕಡೆಯ ಸಂಗಮೇಶ, ಜೊತೆಗಿದ್ದ. ನಿಂತಲ್ಲಿ ನಿಲ್ಲಲಾರದೆ ಗೋಡೆ ಗಡಿಯಾರವನ್ನೇ ನೋಡುತ್ತಿದ್ದ.

"ಇವನ ಒರಿಜಿನಲ್ ಮಾರ್ಕ್ಸ್ ಕಾರ್ಡು ಕಳುವಾಗಿದೆ ಸಾರ್. ಹನ್ನೊಂದು ಗಂಟೆಗೆ ಗುಮಾಸ್ತನ ಕೆಲಸಕ್ಕೆ ದಾಖಲೆ ತೋರಿಸ್ಬೇಕು. ಇಲ್ದಿದ್ರೆ ಕೆಲಸ ಹೋಯ್ತು."

"ಎಲ್ಲಿತ್ತು?" ಇನ್‌ಸ್ಪೆಕ್ಟರ್ ಮರುಳಸಿದ್ದಪ್ಪ ಕೇಳಿದರು.

"ದೇವರ ಮನೇಲಿ. ಹೇಳದೆ ಖಾಲಿ ಮಾಡ್ಬಾರ್ದು ಅಂತ ಎಲ್ಲರದೂ ನಾನೇ ಇಟ್ಕೋತೀನಿ."

"ಬೀಗ?"

"ದೇವರ ಮುಂದೆ ಬೀಗ ಯಾಕೆ ಸಾರ್? ಸ್ನಾನ ಮಾಡ್ದೆ ಯಾರೂ ಒಳಗೆ ಹೋಗಲ್ಲ."

ಎಫ್‌ಐಆರ್ ದಾಖಲಾಯಿತು. ಎಂಟೂವರೆಗೆ ಕಾತ್ಯಾಯಿನಿಯವರ ಮನೆಗೆ ಹೋಗಿ, ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆದು ಪಂಚನಾಮೆ ಶುರು ಮಾಡಿದರು. ಹಿಂದಿನ ಸಂಜೆ ದೀಪ ಹಚ್ಚುವಾಗ ಇದ್ದ ಕಾರ್ಡು, ಬೆಳಗ್ಗೆ ಆರಕ್ಕೆ ಹಾಲು ತಂದು ಬರುವಷ್ಟರಲ್ಲಿ ಇರಲಿಲ್ಲ.

"ಬರಗಾಲದಲ್ಲಿ ಅಧಿಕ ಮಾಸ ಸಾರ್," ಕಾತ್ಯಾಯಿನಿ ಗೊಣಗಿದರು. "ಎರಡು ದಿನದಿಂದ ನಲ್ಲೀಲಿ ನೀರಿಲ್ಲ. ಕುಡಿಯೋಕೆ ಅಂತ ಇಟ್ಟಿದ್ದ ಎರಡು ಕೊಡಾನೂ ಯಾರೋ ಖಾಲಿ ಮಾಡಿದಾರೆ."

ಮರುಳಸಿದ್ದಪ್ಪ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ನಾಲ್ವರನ್ನೂ ಸಾಲಾಗಿ ನಿಲ್ಲಿಸಿದರು.

"ಇವತ್ತು ಸ್ನಾನ ಆಯ್ತಾ?"

ನಾಲ್ವರೂ ಇಲ್ಲವೆಂದರು. ಪೇದೆ ದ್ಯಾಮಣ್ಣ ತಾರಸಿಗೆ ಹೋಗಿ, ಒಣಹಾಕಿದ್ದ ಟವೆಲ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಒಂದು ಮಾತ್ರ ಒದ್ದೆಯಾಗಿತ್ತು. ಅದು ಸಂಗಮೇಶನ ರೂಮ್‌ಮೇಟ್ ಬಸವಂತನದು. ಮಾರ್ಕ್ಸ್ ಕಾರ್ಡು ಅವನ ಹಾಸಿಗೆಯ ಸುರುಳಿಯಲ್ಲೇ ಸಿಕ್ಕಿತು.

"ಕದಿಯೋಕೆ ಹೋಗೋನಿಗೆ ಸ್ನಾನ ಯಾಕಪ್ಪಾ?"

"ದೇವರ ಮನಿ ರೀ ಸಾಹೇಬ್ರ. ಜಳಕ ಮಾಡದ ಹೆಂಗ ಹೋಗ್ಲಿ?"

ಒಂಬತ್ತೂವರೆಗೆ ಬಂಧಿಸಿದರು. ಸಂಗಮೇಶ ಕೈ ಚಾಚಿದ. "ಕೊಡ್ರಿ ಸರ್, ಹೊಂಟೆ."

"ಇದು ಈಗ ಕೇಸಿನ ವಸ್ತು. ಕೋರ್ಟ್ ಹೇಳೋವರೆಗೆ ನಿನಗೆ ಕೊಡೋ ಹಾಗಿಲ್ಲ."

ಮರುಳಸಿದ್ದಪ್ಪ ಅವನ ಮುಖ ನೋಡಿದರು, ಗಡಿಯಾರ ನೋಡಿದರು. ಕಾನೂನು ಮಾಡಿದವರಿಗೆ ಹನ್ನೊಂದು ಗಂಟೆಯ ಅವಸರ ಎಲ್ಲಿ ಗೊತ್ತು.

"ದ್ಯಾಮಣ್ಣ, ನೀನೇ ಹಿಡ್ಕೊಂಡು ಇವನ ಜೊತೆ ಹೋಗು. ಅಧಿಕಾರಿಗೆ ತೋರಿಸಿ ವಾಪಸ್ ತಾ."

ಇಬ್ಬರೂ ಆಟೋ ಹತ್ತಿದರು. ಹತ್ತು ಐವತ್ತಕ್ಕೆ ಕಚೇರಿ ತಲುಪಿದೆವೆಂದು ದ್ಯಾಮಣ್ಣ ಫೋನ್ ಮಾಡಿದ.

ಬಸವಂತ ಹೇಳಿಕೆ ಕೊಟ್ಟ. ಇಬ್ಬರೂ ಒಂದೇ ಹುದ್ದೆಗೆ ಪರೀಕ್ಷೆ ಬರೆದಿದ್ದರು. ಆಯ್ಕೆ ಪಟ್ಟಿಯಲ್ಲಿ ಸಂಗಮೇಶ ಕೊನೆಯವನು, ಕಾಯುವ ಪಟ್ಟಿಯಲ್ಲಿ ಬಸವಂತ ಮೊದಲನೆಯವನು. ನೌಕರಿ ಸಿಕ್ಕಿತೆಂದು ತಿಂಗಳ ಹಿಂದೆಯೇ ಊರಿಗೆ ಸುಳ್ಳು ಹೇಳಿದ್ದ. ಅದನ್ನು ನಂಬಿ ತಂಗಿ ತಂಗೆವ್ವನ ಮದುವೆ ಗೊತ್ತು ಮಾಡಿದ್ದರು.

ಬಂಧನದ ಸುದ್ದಿ ಮನೆಯವರಿಗೆ ತಿಳಿಸುವುದು ನಿಯಮ. ಮರುಳಸಿದ್ದಪ್ಪ ಊರಿನ ಅಂಗಡಿಯ ನಂಬರಿಗೆ ಫೋನ್ ಮಾಡಿ, ತಾಯಿಯನ್ನು ಕರೆಸಿ, ಬಸವಂತನ ವಿಷಯ ಮಾತಾಡಬೇಕೆಂದರು.

"ಅವನ ಆಫೀಸಿನ ಸಾಹೇಬ್ರೇನ್ರೀ?" ಆಕೆ ಕೇಳಿದಳು. ದನಿಯಲ್ಲಿ ಹಿಗ್ಗಿತ್ತು.

"ಅಲ್ಲಮ್ಮ," ಎಂದರು ಮರುಳಸಿದ್ದಪ್ಪ. "ಸ್ವಲ್ಪ ಕೂತ್ಕೊಳ್ಳಿ."